ಒಂದು ರಾತ್ರಿ ಶಾಲೆಯ ಮಾನ್ಯತೆಯ ಕಡತ

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಬಹುಪಾಲಿಗೆ ತಾವು ಹುಟ್ಟಿದ ವರ್ಷ ಗೊತ್ತಿರುತ್ತದೆ, ಹೈಸ್ಕೂಲು ಆದ ವರ್ಷ ಗೊತ್ತಿರುವುದಿಲ್ಲ. ನಾನು ಬಹುಕಾಲ ಗಣಿತ ಕಲಿಸಿ ನಿವೃತ್ತನಾದ ಶಾಲೆಯ ಫಲಕದ ಮೇಲೂ ಇರುವುದು ಅದನ್ನು ನಡೆಸುವ ಸಂಘ ಸ್ಥಾಪನೆಯಾದ ವರ್ಷವೇ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಅನುದಾನಕ್ಕೆ ಸಂಬಂಧಿಸಿದ ಒಂದು ಅರ್ಜಿಯ ಜೊತೆಗೆ, ಶಾಲೆಯನ್ನು ಮಾಧ್ಯಮಿಕ ಶಾಲೆಯೆಂದು ಸರಕಾರ ಮೊದಲ ಬಾರಿಗೆ ಮಾನ್ಯ ಮಾಡಿದ ಮೂಲ ಆದೇಶದ ದೃಢೀಕೃತ ಪ್ರತಿಯನ್ನು ಲಗತ್ತಿಸಬೇಕೆಂದು ಒಂದು ಕಚೇರಿಯಿಂದ ಪತ್ರ ಬಂದಾಗ, ಅಂಥ ಆದೇಶವನ್ನು ಈಗಿನ ಆಡಳಿತ ಮಂಡಳಿಯಲ್ಲಿ ಯಾರೂ ಕಣ್ಣಾರೆ ಕಂಡಿಲ್ಲವೆಂಬುದು ಹೊರಬಿತ್ತು. ಕಾರ್ಯದರ್ಶಿಯವರು ಕುಂದಾಪುರದ ಕಡೆಯವರು, ಹೋಟೆಲ್ ಉದ್ಯಮಿ. "ಮಾಸ್ಟ್ರೇ, ಒಂದು ಕಾಗದ ಅಲ್ವಾ, ನೀವು ಸ್ವಲ್ಪ ಹುಡುಕಿ ಕೊಡಿ" ಎಂದು ಕಪಾಟಿನ ಬೀಗದ ಕೈಯನ್ನು ನನ್ನ ಕೈಗಿತ್ತರು.

ಕಪಾಟಿನಲ್ಲಿ ಆದೇಶವಿರಲಿಲ್ಲ. ಹುಡುಗರ ದಾಖಲಾತಿಯ ಜನರಲ್ ರಿಜಿಸ್ಟರ್‌ಗಳಿದ್ದವು, ಬಂದ, ಕಳುಹಿಸಿದ ಪತ್ರಗಳನ್ನು ನಮೂದಿಸುವ ಆವಕ-ಜಾವಕದ ಪುಸ್ತಕಗಳಿದ್ದವು, ಫೀ ಇಲ್ಲದ ಶಾಲೆಯಾದರೂ ಏಕೋ ಕಾಪಾಡಿಕೊಂಡು ಬಂದಿದ್ದ ಖಾಲಿ ಫೀ ರಸೀದಿಯ ಕಟ್ಟುಗಳಿದ್ದವು, ಮತ್ತು ಎಲ್ಲಕ್ಕಿಂತ ಕೆಳಗೆ ರಟ್ಟು ಕಳಚಿದ ಒಂದು ಶೇರೆಬುಕ್ ಇತ್ತು. ತಪಾಸಣೆಗೆ ಬಂದ ಅಧಿಕಾರಿ ತನ್ನ ಶೇರಾ, ಅಂದರೆ ಅಭಿಪ್ರಾಯ, ಬರೆದು ಸಹಿ ಹಾಕಿಹೋಗುವ ಈ ಪುಸ್ತಕವನ್ನು ಮಹಾರಾಷ್ಟ್ರದ ಶಾಲೆಗಳಲ್ಲಿ ಕೆಲಸ ಮಾಡಿದವರೆಲ್ಲ ಬಲ್ಲರು. ತಪಾಸಣೆಯ ಹಿಂದಿನ ದಿನ ಅದನ್ನು ಹೊರತೆಗೆದು, ಮರುದಿನ ಒಳಗಿಡುವುದಷ್ಟೇ ನಮ್ಮ ರೂಢಿ. ನಾನೂ ಅದನ್ನು ಮೊದಲಿನಿಂದ ಓದಿದ್ದು ಆಗಲೇ.

1930ರ ದಶಕದ ಒಂದು ಪುಟವನ್ನು ಇಲ್ಲಿ ವಿವರಿಸಬೇಕು. ಶಾಲೆ ಆಗ ನಗರಪಾಲಿಕೆಯ ಪ್ರಾಥಮಿಕ ಶಾಲೆಯ ಕೋಣೆಗಳಲ್ಲಿ, ಹಗಲಿನ ಮಕ್ಕಳು ಹೋದ ಮೇಲೆ ನಡೆಯುತ್ತಿತ್ತು. ಅಧಿಕಾರಿ ರಾತ್ರಿ ಬಂದು ಮೊದಲು ಹಾಜರಿ ಎಣಿಸಿದ್ದಾರೆ, ಪುಸ್ತಕದಲ್ಲಿರುವ ಹೆಸರುಗಳಿಗೂ ಕುಳಿತಿರುವ ತಲೆಗಳಿಗೂ ಇರುವ ಅಂತರವನ್ನು ಬರೆದಿದ್ದಾರೆ, ಹೋಟೆಲಿನ ಕೆಲಸ ಮುಗಿಸಿ ಬರುವ ಹುಡುಗರು ಎರಡನೇ ತಾಸಿಗೆ ಸೇರಿಕೊಳ್ಳುತ್ತಾರೆಂಬ ಮುಖ್ಯಾಧ್ಯಾಪಕರ ವಿವರಣೆಯನ್ನೂ ದಾಖಲಿಸಿದ್ದಾರೆ. ಬಳಿಕ ಹಿಂದಿನ ಬೆಂಚಿನ ಒಬ್ಬ ಹುಡುಗನಿಂದ ಕರಿಹಲಗೆಯ ಮೇಲಿನ ವಾಕ್ಯವನ್ನು ಓದಿಸಿದ್ದಾರೆ. ಅವನಿಗೆ ಓದಲಾಗಲಿಲ್ಲ. ಅದೇ ಹುಡುಗನನ್ನು ಮುಂದಿನ ಬೆಂಚಿಗೆ ಕರೆದು ಓದಿಸಿದಾಗ ಅವನು ಸರಾಗವಾಗಿ ಓದಿದ್ದಾನೆ. ಆದ್ದರಿಂದ ದೋಷ ಕಲಿಕೆಯದಲ್ಲ, ಬೆಳಕಿನದು. ಮುಂದಿನ ತಪಾಸಣೆಯ ಒಳಗೆ ಕೋಣೆಗೆ ಇನ್ನೊಂದು ದೀಪ ಬರತಕ್ಕದ್ದು ಎಂಬುದು ಶೇರಾ. ಕೊನೆಯಲ್ಲಿ, ಈಗಿರುವ ತರಗತಿಗಳ ಮಾನ್ಯತೆಯನ್ನು ಮುಂದಿನ ವರ್ಷದ ಮಟ್ಟಿಗೆ ಮುಂದುವರಿಸಲು ಅಡ್ಡಿಯಿಲ್ಲವೆಂಬ ಒಂದು ಸಾಲಿದೆ.

ಆ ಕೊನೆಯ ಸಾಲು ನನ್ನ ಹುಡುಕಾಟದ ದಿಕ್ಕನ್ನೇ ತಿರುಗಿಸಿತು. ಮಾನ್ಯತೆ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ವಸ್ತುವಾಗಿದ್ದರೆ, ಮತ್ತು ಅದು ಶಾಲೆಗಲ್ಲ, ಇಂತಿಂಥ ತರಗತಿಗಳಿಗೆ ಸಂದದ್ದಾಗಿದ್ದರೆ, ಇವರು ಕೇಳುತ್ತಿರುವ 'ಮೂಲ ಆದೇಶ' ಒಂದೇ ಕಾಗದವಾಗಿರಲು ಸಾಧ್ಯವೇ ಇಲ್ಲ.

ಅಲ್ಲಿಂದ ನಾನು ಹೋದದ್ದು ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರಕ್ಕೆ. 1821ರಲ್ಲಿ ಆರಂಭವಾದ ಮುಂಬಯಿ ದಫ್ತರಖಾನೆಯೇ ಇಂದಿನ ಈ ಪತ್ರಾಗಾರ. ಸಂಸ್ಥೆಯ ಪತ್ರ, ಗುರುತಿನ ಚೀಟಿ, ಯಾವ ಇಲಾಖೆಯ ಯಾವ ಕಾಲದ ಕಾಗದ ಬೇಕೆಂಬ ವಿವರಣೆ, ಇವನ್ನು ಕೊಟ್ಟು ಅನುಮತಿ ಪಡೆದ ಮೇಲೆ ಮೊದಲು ಸೂಚಿಗಳನ್ನು ನೋಡಬೇಕು, ಆಮೇಲೆ ಬೇಡಿಕೆಯ ಚೀಟಿ ಬರೆಯಬೇಕು. ಅಲ್ಲಿನ ಸಿಬ್ಬಂದಿಯೊಬ್ಬರು ನಾನು ಶಾಲೆಯ ಹೆಸರು ಹಿಡಿದು ಹುಡುಕುತ್ತಿರುವುದನ್ನು ನೋಡಿ, "ಸರ್, ಹೆಸರಿನ ಮೇಲೆ ಸಿಗುವುದಿಲ್ಲ, ವಿಷಯದ ಮೇಲೆ ನೋಡಿ" ಎಂದು ಮರಾಠಿಯಲ್ಲಿ ತಿಳಿಸಿಕೊಟ್ಟರು. ಶಿಕ್ಷಣ ಇಲಾಖೆಯ ಕಾಗದಗಳು ವರ್ಷವಾರು, ವಿಷಯವಾರು ಕಟ್ಟಿದವುಗಳು. ಅನುದಾನ, ತಪಾಸಣೆ, ಮಾನ್ಯತೆ, ಪರೀಕ್ಷೆ ಇವು ಬೇರೆಬೇರೆ ತಲೆಬರಹಗಳ ಕೆಳಗೆ ಹರಡಿಕೊಂಡಿರುತ್ತವೆ. ಒಂದು ಶಾಲೆಯ ಚರಿತ್ರೆ ಅಲ್ಲಿ ಒಂದೆಡೆ ಕುಳಿತಿರುವುದಿಲ್ಲ.

ಬೇಕಾದ ಸಂಪುಟ ಬರುವವರೆಗೆ ನಾನು ಸಾರ್ವಜನಿಕ ಶಿಕ್ಷಣ ನಿರ್ದೇಶಕರ ವಾರ್ಷಿಕ ವರದಿಗಳನ್ನು ಹಿಂದಿನಿಂದ ಓದತೊಡಗಿದೆ. ಭಾರತದ ಶಿಕ್ಷಣದ ಬಗೆಗೆ ಲಂಡನ್ನಿನಿಂದ ಬಂದ ಆದೇಶಪತ್ರವಾದ 1854ರ ವುಡ್‌ ಡಿಸ್ಪ್ಯಾಚ್‌ ಪ್ರತಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಇರಬೇಕೆಂದೂ ಖಾಸಗಿಯವರ ಶಾಲೆಗಳಿಗೆ ಸಹಾಯಧನ ಕೊಡಬೇಕೆಂದೂ ಹೇಳಿದ ಮೇಲೆ, ಮುಂಬಯಿಯಲ್ಲಿ 1855ರಿಂದ ಇಲಾಖೆ ನಡೆಯತೊಡಗಿತು. ಸಹಾಯಧನ ಕೊಡುವವನು ಅಳತೆ ಕೇಳುವುದು ಸಹಜ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತ ಬಳಸಿದ ಅಳತೆ, ಫಲಿತಾಂಶಕ್ಕೆ ತಕ್ಕ ಹಣ ಎಂಬ ಪದ್ಧತಿ. ಇನ್‌ಸ್ಪೆಕ್ಟರರು ಬಂದು ಒಬ್ಬೊಬ್ಬ ಹುಡುಗನನ್ನು ಅವನ ಇಯತ್ತೆಯ, ಅಂದರೆ ತರಗತಿಯ, ವಿಷಯಗಳಲ್ಲಿ ಪರೀಕ್ಷಿಸುವುದು, ತೇರ್ಗಡೆಯಾದ ತಲೆಗೆ, ತೇರ್ಗಡೆಯಾದ ವಿಷಯಕ್ಕೆ ಇಂತಿಷ್ಟೆಂದು ಲೆಕ್ಕ ಹಾಕಿ ಶಾಲೆಗೆ ಹಣ ಕೊಡುವುದು. ಶಾಲೆಯ ದರ್ಜೆ ಎಂದರೆ ಆಗ ಹುಡುಗರ ತೇರ್ಗಡೆಯ ಮೊತ್ತವಲ್ಲದೆ ಬೇರೇನೂ ಆಗಿರಲಿಲ್ಲ. ದಕ್ಷಿಣ ವಿಭಾಗ, ಅಂದರೆ ನಮ್ಮ ಧಾರವಾಡ, ಬೆಳಗಾವಿ, ಕಾರವಾರಗಳ ಸೀಮೆ, ವರದಿಗಳಲ್ಲಿ ಪ್ರತ್ಯೇಕ ಭಾಗವಾಗಿ ಬರುತ್ತದೆ. ರಸೆಲ್‌ ಸಾಹೇಬರೂ ಡೆಪ್ಯುಟಿ ಚನ್ನಬಸಪ್ಪನವರೂ ಶಿಕ್ಷಣಾಧಿಕಾರಿಗಳಾಗಿ ಕೆಲಸ ಮಾಡಿದ ಕ್ಷೇತ್ರ ಅದು. ಕನ್ನಡ ಶಾಲೆಗಳ ಏಳಿಗೆಗಾಗಿ ನಾವು ನೆನೆಯುವ ಆ ಇಬ್ಬರೂ ಇಂಥ ಇಲಾಖೆಯ ನಮೂನೆಗಳನ್ನು ತುಂಬುತ್ತಲೇ ಆ ಕೆಲಸ ಮಾಡಿದವರೆಂಬುದು ವರದಿಗಳನ್ನು ತಿರುವುವಾಗ ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು.

ಈ ಪದ್ಧತಿ ಬದಲಾದದ್ದು ಲಾರ್ಡ್ ಕರ್ಜನ್ನನ ಕಾಲದಲ್ಲಿ. 11 ಮಾರ್ಚ್ 1904ರ ಶಿಕ್ಷಣ ನೀತಿಯ ಸರಕಾರಿ ನಿರ್ಣಯ ಫಲಿತಾಂಶಕ್ಕೆ ತಕ್ಕ ಹಣವೆಂಬ ಕ್ರಮವನ್ನು ಕೈಬಿಟ್ಟು, ಹುಡುಗರ ಬದಲು ಶಾಲೆಯನ್ನೇ ಪರೀಕ್ಷೆಗೆ ಕೂರಿಸಿತು. ಆ ಊರಿಗೆ ಆ ಶಾಲೆ ನಿಜವಾಗಿ ಬೇಕೇ, ಅದರ ಹಣಕಾಸು ಭದ್ರವಾಗಿದೆಯೇ, ಆಡಳಿತ ಮಂಡಳಿ ಸರಿಯಾಗಿ ರಚನೆಯಾಗಿದೆಯೇ, ಕಲಿಸಬೇಕಾದ ವಿಷಯಗಳನ್ನು ತಕ್ಕ ಮಟ್ಟದವರೆಗೆ ಕಲಿಸುತ್ತದೆಯೇ, ಮಕ್ಕಳ ಆರೋಗ್ಯ, ಆಟ, ಶಿಸ್ತುಗಳಿಗೆ ಏರ್ಪಾಡಿದೆಯೇ, ಅಧ್ಯಾಪಕರು ನಡತೆ, ಸಂಖ್ಯೆ, ಅರ್ಹತೆಗಳಲ್ಲಿ ಸಾಕಷ್ಟಿದ್ದಾರೆಯೇ, ಮತ್ತು ಅದು ಪಡೆಯುವ ಶುಲ್ಕ ನೆರೆಯ ಶಾಲೆಗಳೊಡನೆ ಶಿಕ್ಷಣಕ್ಕೆ ಹಾನಿಯಾಗುವಂಥ ಪೈಪೋಟಿಗೆ ಕಾರಣವಾಗುವುದಿಲ್ಲವೇ ಎಂಬ ಪ್ರಶ್ನೆಗಳಿಗೆ ತೃಪ್ತಿಕರ ಉತ್ತರ ಸಿಕ್ಕಿದರೆ ಮಾತ್ರ ಮಾನ್ಯತೆ. ಸಹಾಯಧನ ಬೇಡವೆನ್ನುವ ಶಾಲೆಯೂ ಇದಕ್ಕೆ ಹೊರತಾಗಿರಲಿಲ್ಲ, ಏಕೆಂದರೆ ಮಾನ್ಯತೆಯಿಲ್ಲದ ಶಾಲೆ ತನ್ನ ಹುಡುಗರನ್ನು ತನ್ನ ಹೆಸರಿನಲ್ಲಿ ಸಾರ್ವಜನಿಕ ಪರೀಕ್ಷೆಗೆ ಕಳುಹಿಸುವಂತಿರಲಿಲ್ಲ, ಸರಕಾರಿ ವಿದ್ಯಾರ್ಥಿವೇತನದ ಹುಡುಗರನ್ನು ಇಟ್ಟುಕೊಳ್ಳುವಂತಿರಲಿಲ್ಲ.

ಶುಲ್ಕದ ಪೈಪೋಟಿಯ ಬಗೆಗಿನ ಆ ಕೊನೆಯ ಷರತ್ತನ್ನು ಓದಿದಾಗ ನಮ್ಮ ಶಾಲೆಯ ಹಳೆಯ ಪತ್ರವ್ಯವಹಾರದಲ್ಲಿದ್ದ ಒಂದು ಒಗಟು ಬಿಡಿಸಿಕೊಂಡಿತು. ಆಗಿನ ಕಾರ್ಯದರ್ಶಿಗಳು ಪ್ರತಿ ವರ್ಷವೂ, ಈ ಶಾಲೆಗೆ ಬರುವವರು ಹಗಲಿನಲ್ಲಿ ದುಡಿಯುವ ಹುಡುಗರೇ ಹೊರತು ಯಾವ ಹಗಲು ಶಾಲೆಯ ವಿದ್ಯಾರ್ಥಿಯೂ ಅಲ್ಲವೆಂದು ಬರೆದುಕೊಡುತ್ತಿದ್ದರು. ಯಾರೂ ಕೇಳದ ವಿವರಣೆಯನ್ನು ಏಕೆ ಕೊಡುತ್ತಿದ್ದರೆಂದು ನನಗೆ ಮೊದಲು ತಿಳಿದಿರಲಿಲ್ಲ. ಶುಲ್ಕವೇ ಇಲ್ಲದ ಶಾಲೆ ಇಲಾಖೆಯ ಕಣ್ಣಿಗೆ ಅನ್ಯಾಯದ ಪೈಪೋಟಿಯಾಗಿ ಕಾಣಬಾರದೆಂಬ ಎಚ್ಚರ ಅದರ ಹಿಂದೆ ಇದ್ದಿರಬೇಕು. ಹೋಟೆಲಿನ ಮಾಣಿಗಳಿಗೆ ಅಕ್ಷರ ಕಲಿಸಲು ಹೊರಟವರು ಇಷ್ಟೊಂದು ಕಾನೂನು ಅರಿತಿದ್ದರೆಂಬುದು ಅವರ ಬಗೆಗೆ ನನಗಿದ್ದ ಗೌರವವನ್ನು ಹೆಚ್ಚಿಸಿತು.

ವಾರ್ಷಿಕ ವರದಿಗಳ ಕೋಷ್ಟಕಗಳನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಹಳೆಯ ಕೋಷ್ಟಕಗಳಲ್ಲಿ 'ಸಾರ್ವಜನಿಕ ಸಂಸ್ಥೆ' ಎಂದರೆ ಇಲಾಖೆಯ ಅಥವಾ ವಿಶ್ವವಿದ್ಯಾಲಯದ ಪಠ್ಯಕ್ರಮವನ್ನು ಅನುಸರಿಸಿ, ತಪಾಸಣೆಗೆ ಒಳಪಟ್ಟ ಅಥವಾ ಸಾರ್ವಜನಿಕ ಪರೀಕ್ಷೆಗಳಿಗೆ ತಪ್ಪದೆ ಮಕ್ಕಳನ್ನು ಕಳುಹಿಸುವ ಶಾಲೆ. ಅದನ್ನು ನಡೆಸುವವರು ಮಿಶನರಿಗಳಿರಲಿ, ಜಾತಿ ಸಂಘದವರಿರಲಿ. ಉಳಿದುದೆಲ್ಲ 'ಖಾಸಗಿ'. ಇದನ್ನರಿಯದೆ ಅಂಕಿಗಳನ್ನು ಎತ್ತಿಕೊಂಡರೆ ಖಾಸಗಿಯವರ ಶ್ರಮದ ಬಹುಭಾಗ ಸರಕಾರದ ಖಾತೆಗೆ ಜಮೆಯಾಗಿಬಿಡುತ್ತದೆ. ನಮ್ಮ ಸಂಸ್ಥೆಗಳ ಕೆಲವು ಸ್ಮರಣಸಂಚಿಕೆಗಳಲ್ಲಿ ಹಾಗೆ ಆಗಿರುವುದನ್ನು ನೋಡಿದ್ದೇನೆ. ಮುಂದೆ ಈ ವಿಂಗಡಣೆ ಹೋಗಿ ಮಾನ್ಯ, ಅಮಾನ್ಯ ಎಂಬ ನೇರ ಭಾಗಗಳು ಬಂದವು. ಅವುಗಳ ಒಳಗೆ ಹೈಸ್ಕೂಲು, ಮಿಡ್ಲ್ ಸ್ಕೂಲು ಎಂಬ ಮೆಟ್ಟಿಲು. ಅಡ್ಡಕ್ಕೆ ಸರಕಾರಿ, ಸ್ಥಳೀಯ ಮಂಡಳಿ, ಅನುದಾನಿತ, ಅನುದಾನರಹಿತ ಎಂಬ ಕಂಬಸಾಲು. 1930ರ ದಶಕದ ಕೊನೆಯಲ್ಲಿದ್ದ ಪ್ರಾಂತೀಯ ಸರಕಾರದ, ಅಂದರೆ ಖೇರ್ ಮಂತ್ರಿಮಂಡಲದ ಕಾಲದಲ್ಲಿ ಮುಂಬಯಿಯಲ್ಲಿ ಹಬ್ಬಿದ ವಯಸ್ಕರ ಸಾಕ್ಷರತಾ ವರ್ಗಗಳು ಈ ಕೋಷ್ಟಕಕ್ಕೆ ಸೇರುವುದಿಲ್ಲ. ರಾತ್ರಿ ನಡೆಯುತ್ತಿದ್ದ ಮಾತ್ರಕ್ಕೆ ಎಲ್ಲವೂ ರಾತ್ರಿ ಶಾಲೆಯಲ್ಲ.

ಸಂಪುಟಗಳಲ್ಲೂ ಶಾಲೆಯ ಹಳೆಯ ಆವಕ ಪುಸ್ತಕದಲ್ಲೂ ದಾಟಿ ದಾಟಿ ನೋಡಿದಾಗ ಸರಪಳಿ ಕೊಂಡಿಕೊಂಡಿಯಾಗಿ ಕಾಣತೊಡಗಿತು. ಮೊದಲು, ದೇಶಭಾಷೆಯ ನಾಲ್ಕು ಇಯತ್ತೆಗಳ ಬಳಿಕ ಬರುವ ಇಂಗ್ಲಿಷ್ ಒಂದನೇ ಇಯತ್ತೆಯಿಂದ ಮೂರನೆಯದರವರೆಗೆ ಮಾತ್ರ, ಅಂದರೆ ಮಿಡ್ಲ್ ಸ್ಕೂಲಿನ ಮಟ್ಟಕ್ಕೆ, ಅದೂ ಒಂದು ವರ್ಷದ ತಾತ್ಕಾಲಿಕ ಮಾನ್ಯತೆ. ಬಳಿಕ ಪ್ರತಿ ವರ್ಷ ಒಂದೊಂದು ಮೇಲಿನ ಇಯತ್ತೆ ತೆರೆಯಲು ಬೇರೆ ಬೇರೆ ಅನುಮತಿ. ಇಂದಿನ ಮರಾಠಿ ಕಚೇರಿಗಳು 'ನೈಸರ್ಗಿಕ ವಾಢ' (ಸಹಜ ಬೆಳವಣಿಗೆ) ಎಂದು ಕರೆಯುವುದು ಇದನ್ನೇ. ನಡುವೆ ಒಂದು ವರ್ಷ, ತರಬೇತಿ ಪಡೆದ ಅಧ್ಯಾಪಕರು ಸಾಲದೆಂದು, ಮೇಲಿನ ತರಗತಿಯ ಅನುಮತಿ ತಡೆಹಿಡಿಯಲ್ಪಟ್ಟಿತ್ತು. ಆ ವರ್ಷವೂ ಶಾಲೆ ಆ ತರಗತಿಯನ್ನು ನಡೆಸಿದೆ, ಜನರಲ್ ರಿಜಿಸ್ಟರಿನಲ್ಲಿ ಹುಡುಗರ ಹೆಸರುಗಳಿವೆ. ಇಲಾಖೆಯ ಲೆಕ್ಕದಲ್ಲಿ ಮಾತ್ರ ಅವರು ಯಾವ ಶಾಲೆಯಲ್ಲೂ ಇರಲಿಲ್ಲ. ಅನುದಾನ ಆರಂಭವಾದದ್ದು ಇದಾದ ಎಷ್ಟೋ ಕಾಲದ ಮೇಲೆ, ಬೇರೆಯೇ ಆದೇಶದಿಂದ.

ಇಷ್ಟಾದರೂ ಇಲಾಖೆಯ ಮಾನ್ಯತೆ ಅರ್ಧ ದಾರಿಯೇ. ಹೈಸ್ಕೂಲಿನ ಕೊನೆಯ ಪರೀಕ್ಷೆ ವಿಶ್ವವಿದ್ಯಾಲಯದ ಕೈಯಲ್ಲಿತ್ತು. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ ಮೊದಲ ಮ್ಯಾಟ್ರಿಕ್ಯುಲೇಷನ್ ಪರೀಕ್ಷೆಯನ್ನು 1859ರಲ್ಲಿ ನಡೆಸಿತು. ಮಹಾದೇವ ಗೋವಿಂದ ರಾನಡೆ ಆ ಮೊದಲ ತಂಡದಲ್ಲಿ ತೇರ್ಗಡೆಯಾದವರು. ಕಾಲೇಜಿನ ಪ್ರವೇಶಕ್ಕಾಗಿ ಹುಟ್ಟಿದ ಈ ಪರೀಕ್ಷೆ, ಕಾಲೇಜಿನ ಮೆಟ್ಟಿಲು ತುಳಿಯದವರ ಪಾಲಿಗೂ ಹೈಸ್ಕೂಲು ಮುಗಿಸಿದ ಪ್ರಮಾಣವಾಗಿ ನೆಲೆನಿಂತಿತು. ಊರಿನ ಕಡೆ ಕನ್ನಡ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿ ಕೆಳಹಂತದ ಸರಕಾರಿ ನೌಕರಿಗೆ ಸಾಕಾಗುತ್ತಿದ್ದರೆ, ಮುಂಬಯಿಯ ಬ್ಯಾಂಕು, ರೈಲ್ವೆ, ಬಂದರುಗಳ ಗುಮಾಸ್ತಗಿರಿಗೆ ಮ್ಯಾಟ್ರಿಕ್ ಎಂಬ ಮಾತೇ ಬೇಕಿತ್ತು. ಪ್ರಮಾಣಪತ್ರದ ಈ ಅಧಿಕಾರ ವಿಶ್ವವಿದ್ಯಾಲಯದಿಂದ ಹೊರಬಂದದ್ದು ಸ್ವಾತಂತ್ರ್ಯದ ಬಳಿಕ. 1948ರ ಕಾಯ್ದೆಯ ಪ್ರಕಾರ ಪುಣೆಯಲ್ಲಿ ಎಸ್.ಎಸ್.ಸಿ. ಪರೀಕ್ಷಾ ಮಂಡಳಿ ರಚನೆಯಾಗಿ, 1949ರಲ್ಲಿ ಮೊದಲ ಎಸ್.ಎಸ್.ಸಿ. ಪರೀಕ್ಷೆ ನಡೆಯಿತು. ಇಂದಿನ ರಾಜ್ಯ ಮಂಡಳಿ 1965ರ ಕಾಯ್ದೆಯಿಂದ ಬಂದದ್ದು, 1966ರಿಂದ ಕೆಲಸ ಮಾಡುತ್ತಿದೆ. ನಮ್ಮ ಶಾಲೆಯ ಕೊನೆಯ ಮ್ಯಾಟ್ರಿಕ್ ತಂಡವೂ ಮೊದಲ ಎಸ್.ಎಸ್.ಸಿ. ತಂಡವೂ ಒಂದೇ ರಿಜಿಸ್ಟರಿನ ಎದುರುಬದುರು ಪುಟಗಳಲ್ಲಿವೆ.

ಆ ರಿಜಿಸ್ಟರುಗಳ ಬಗೆಗೇ ಇನ್ನಷ್ಟು ಹೇಳಬೇಕು, ಏಕೆಂದರೆ ನನಗೆ ಹೆಚ್ಚು ತಿಳಿವಳಿಕೆ ದೊರೆತದ್ದು ಆದೇಶಗಳಿಂದಲ್ಲ, 'ಹಿಂದಿನ ಶಾಲೆ ಮತ್ತು ಇಯತ್ತೆ' ಎಂಬ ಕಲಮಿನಿಂದ. ಹೋಟೆಲುಗಳಿಗೆ ಬರುತ್ತಿದ್ದ ಹುಡುಗರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡದವರು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ದಕ್ಷಿಣ ಕನ್ನಡ ಮದರಾಸು ಪ್ರಾಂತದಲ್ಲೇ ಉಳಿಯಿತು. ಹೀಗಾಗಿ ಭಟ್ಕಳದ ಹುಡುಗನ ಇಯತ್ತೆಯ ಎಣಿಕೆ ಬೇರೆ, ಅಲ್ಲಿಂದ ತೆಂಕಿಗೆ ತುಸು ದೂರದ ಬೈಂದೂರಿನ ಹುಡುಗನ ಎಣಿಕೆ ಬೇರೆ. ಮುಂಬಯಿಯಲ್ಲಿ ನಾಲ್ಕು ದೇಶಭಾಷೆಯ ಇಯತ್ತೆಗಳ ಮೇಲೆ ಏಳು ಇಂಗ್ಲಿಷ್ ಇಯತ್ತೆ; ಮದರಾಸಿನಲ್ಲಿ ಐದು ತರಗತಿಗಳ ಮೇಲೆ ಆರು ಫಾರ್ಮ್. ಎರಡೂ ಕಡೆ ಒಟ್ಟು ಹನ್ನೊಂದೇ ವರ್ಷ. ಆದರೆ ಮೂರನೇ ಫಾರ್ಮ್ ಮುಗಿಸಿ ಬಂದವನು ಕಲಿತದ್ದು ಎಂಟು ವರ್ಷ, ಇಂಗ್ಲಿಷ್ ಮೂರನೇ ಇಯತ್ತೆ ಮುಗಿಸಿದವನು ಕಲಿತದ್ದು ಏಳು ವರ್ಷ. ಮೂರನೇ ಫಾರ್ಮ್ ಮುಗಿಸಿದವರನ್ನು ಸೇರಿಸಿಕೊಂಡ ಇಂಗ್ಲಿಷ್ ಇಯತ್ತೆಯನ್ನು ರಿಜಿಸ್ಟರಿನಲ್ಲಿ ಎಷ್ಟೋ ಕಡೆ ಮೊದಲು 4 ಎಂದು ಶಾಯಿಯಲ್ಲಿ ಬರೆದು, ಅದರ ಮೇಲೆ ಅಡ್ಡಗೆರೆ ಎಳೆದು, 5 ಎಂದು ತಿದ್ದಿ, ಪಕ್ಕದಲ್ಲಿ ಮುಖ್ಯಾಧ್ಯಾಪಕರು ಚಿಕ್ಕ ಸಹಿ ಹಾಕಿದ್ದಾರೆ. ತಿದ್ದಿರುವುದೆಲ್ಲ ಮದರಾಸಿನ ಹುಡುಗರದೇ. ಯಾರೋ ಪುಣ್ಯಾತ್ಮರು ಲೆಕ್ಕ ಬಲ್ಲವರಿದ್ದು, ಹಗಲೆಲ್ಲ ಗ್ಲಾಸು ತೊಳೆದು ಬರುವ ಹುಡುಗನ ಒಂದು ವರ್ಷವನ್ನು ಉಳಿಸಿಕೊಟ್ಟಿದ್ದಾರೆ.

ಅಂತಿಮ ಪ್ರಮಾಣಪತ್ರದಲ್ಲೂ ಈ ಎರಡು ಪ್ರಾಂತಗಳ ಸ್ವಭಾವ ಬೇರೆಯಾಗಿತ್ತು. ಮುಂಬಯಿಯ ಮ್ಯಾಟ್ರಿಕ್ ಎಂದರೆ ಪರೀಕ್ಷೆಯೊಂದರ ಫಲ, ತೇರ್ಗಡೆ ಅಥವಾ ನಾಪಾಸು. ಮದರಾಸಿನ ಎಸ್.ಎಸ್.ಎಲ್.ಸಿ. 1911ರಿಂದ ಒಂದು ಪುಸ್ತಕದ ರೂಪದಲ್ಲಿತ್ತು. ಸಾರ್ವಜನಿಕ ಪರೀಕ್ಷೆಯ ಅಂಕಗಳ ಜೊತೆಗೆ ಶಾಲೆಯಲ್ಲಿ ಪಡೆದ ಅಂಕಗಳೂ ಅದರಲ್ಲಿ ಇರುತ್ತಿದ್ದವು, ಮತ್ತು ಕಾಲೇಜಿಗೆ ಅರ್ಹನೇ ಅಲ್ಲವೇ ಎಂಬುದು ಬೇರೆಯಾಗಿ ತೀರ್ಮಾನವಾಗುತ್ತಿತ್ತು. ಆದ್ದರಿಂದ ಎಸ್.ಎಸ್.ಎಲ್.ಸಿ. ಮುಗಿಸಿದ್ದೇನೆ ಎನ್ನುವ ಅಜ್ಜಂದಿರು ಹೇಳುವುದು ಸುಳ್ಳಲ್ಲ, ಮ್ಯಾಟ್ರಿಕ್ ಪಾಸಾದವರು ಅದನ್ನು ತಮ್ಮ ಪರೀಕ್ಷೆಗೆ ಸಮವೆಂದು ಒಪ್ಪದಿದ್ದುದೂ ಅಹಂಕಾರವಷ್ಟೇ ಅಲ್ಲ. ನನ್ನ ಅಭಿಪ್ರಾಯದಲ್ಲಿ ಮದರಾಸಿನ ಪುಸ್ತಕವೇ ಹೆಚ್ಚು ನ್ಯಾಯವಾದದ್ದು. ಶಾಲೆಯಲ್ಲಿ ಆ ಹುಡುಗ ಎರಡು ಮೂರು ವರ್ಷ ಹೇಗಿದ್ದನೆಂಬುದಕ್ಕೆ ಅದರಲ್ಲಿ ಸಾಕ್ಷಿಯಿರುತ್ತಿತ್ತು. ಶೇರೆಬುಕ್ಕಿಗೂ ಮಾನ್ಯತೆಯ ಆದೇಶಕ್ಕೂ ಇರುವ ವ್ಯತ್ಯಾಸವೂ ಇದೇ ಬಗೆಯದು. ಆದೇಶದಲ್ಲಿ ಶಾಲೆ ಹೈಸ್ಕೂಲು ಹೌದೋ ಅಲ್ಲವೋ ಎಂಬುದಷ್ಟೇ ಇದೆ. ಅದು ಎಂಥ ಶಾಲೆಯಾಗಿತ್ತೆಂದು ಕೇಳುವವರು ತಪಾಸಣೆಯ ಶೇರಾಗಳನ್ನೇ ಓದಬೇಕು.

ಇಷ್ಟನ್ನೆಲ್ಲ ಇಟ್ಟುಕೊಂಡು ನಾವು ಒಂದು ಟಿಪ್ಪಣಿ ಸಿದ್ಧಪಡಿಸಿದೆವು. ಮೂಲ ಆದೇಶವೆಂಬ ಒಂದೇ ದಾಖಲೆ ಇಲ್ಲ. ಮಿಡ್ಲ್ ಸ್ಕೂಲಿನ ತಾತ್ಕಾಲಿಕ ಮಾನ್ಯತೆ, ಮೇಲಿನ ತರಗತಿಗಳ ಅನುಮತಿಗಳು, ಮ್ಯಾಟ್ರಿಕ್ಯುಲೇಷನ್ನಿಗೆ ಮೊದಲ ತಂಡ ಕಳುಹಿಸಿದ ವರ್ಷ, ಮೊದಲ ಅನುದಾನ, ಕಾಯಂ ಮಾನ್ಯತೆ ಎಂಬ ಐದು ಹಂತಗಳಿಗೆ ಪ್ರತ್ಯೇಕ ಪುರಾವೆಗಳಿವೆ ಎಂದು ಬರೆದು, ಪತ್ರಾಗಾರದಿಂದ ಪಡೆದ ಪ್ರತಿಗಳನ್ನೂ ಶೇರೆಬುಕ್ಕಿನ ಸಂಬಂಧಪಟ್ಟ ಪುಟಗಳನ್ನೂ ಕ್ರಮವಾಗಿ ಜೋಡಿಸಿದೆವು. ಪತ್ರ ಕಳುಹಿಸಿದ್ದ ಕಚೇರಿಯ ಮೇಜಿನವರು ಮೊದಲು, "ಇಷ್ಟು ಬೇಡ, ಒಂದೇ ಕಾಗದ ಕೊಡಿ" ಎಂದರು. ಐದರಲ್ಲಿ ಯಾವುದು ಬೇಕೆಂದು ತಾವೇ ಬರೆದುಕೊಡಿ ಎಂದು ನಾವು ವಿನಂತಿಸಿದಾಗ ಕಡತ ಒಳಗೆ ಹೋಗಿ, ಕೆಲವು ವಾರಗಳ ಬಳಿಕ, ಕಾಯಂ ಮಾನ್ಯತೆಯ ಆದೇಶ ಸಾಕು ಎಂಬ ಶೇರಾದೊಂದಿಗೆ ಹೊರಬಂತು. ಅದು ನಾವು ಹುಡುಕಿದವುಗಳಲ್ಲಿ ಎಲ್ಲಕ್ಕಿಂತ ಈಚಿನದು, ಮತ್ತು ಶಾಲೆಯ ಬಗೆಗೆ ಅತಿ ಕಡಿಮೆ ತಿಳಿಸುವಂಥದ್ದು.

ಫಲಕದ ಮೇಲೆ ಯಾವ ವರ್ಷ ಇರಬೇಕೆಂಬ ಚರ್ಚೆ ಆಡಳಿತ ಮಂಡಳಿಯಲ್ಲಿ ಇನ್ನೂ ನಡೆದಿದೆ. ಹಿರಿಯರು ಸಂಘದ ಸ್ಥಾಪನೆಯ ವರ್ಷವನ್ನು ಬಿಡಲೊಲ್ಲರು. ಹೊಸ ಸದಸ್ಯರಿಗೆ ಮಾನ್ಯತೆಯ ವರ್ಷವೂ ಬೇಕು. ನಾನು ಮೊದಲ ಮ್ಯಾಟ್ರಿಕ್ ತಂಡದ ವರ್ಷವನ್ನು ಸೂಚಿಸಿದ್ದೇನೆ. ಇದೇ ಬಗೆಯ ಹುಡುಕಾಟಕ್ಕೆ ಹೊರಡುವ ಇತರ ಸಂಸ್ಥೆಗಳವರು ಪತ್ರಾಗಾರಕ್ಕೆ ಹೋಗುವ ಮೊದಲು ತಮ್ಮ ಕಪಾಟಿನ ಆವಕ ಪುಸ್ತಕದಿಂದ ಇಲಾಖೆಯ ಪತ್ರಗಳ ಸಂಖ್ಯೆ ಮತ್ತು ತಾರೀಕುಗಳನ್ನು ಬರೆದುಕೊಂಡು ಹೋಗುವುದು ಒಳ್ಳೆಯದು, ಏಕೆಂದರೆ ವಿಷಯಸೂಚಿಯಲ್ಲಿ ದಾರಿ ತೋರುವುದು ಅವೇ. ಧಾರವಾಡ, ಕಾರವಾರಗಳ ಕಡೆಯ ಹೈಸ್ಕೂಲುಗಳ 1956ಕ್ಕೆ ಹಿಂದಿನ ಇಲಾಖೆಯ ವರದಿಗಳನ್ನೂ ಮುಂಬಯಿಯಲ್ಲೇ ನೋಡಬಹುದು. ಮಂಗಳೂರು, ಉಡುಪಿಗಳ ಶಾಲೆಗಳ ಕಾಗದಪತ್ರಗಳಿಗಾದರೆ ಚೆನ್ನೈನ ಎಗ್ಮೋರಿನಲ್ಲಿರುವ ಪತ್ರಾಗಾರದಲ್ಲಿ ವಿಚಾರಿಸಬೇಕು.